ಹವಾಮಾನದ ಬ್ಯಾನರು ಠಾಣೆಗೆ ಹೋದದ್ದು

ವೇದಿಕೆಯ ಅತಿ ದೊಡ್ಡ ಕುರ್ಚಿಯಲ್ಲಿ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಇಂದು ನಾವು ಬೀಳ್ಕೊಡುತ್ತಿರುವ ವಿದೇಶಿ ಅತಿಥಿಗಳೇ, ಅವರ ಕಿವಿಯ ಬಳಿ ಬಾಗಿ ನನ್ನ ಮಾತನ್ನು ತರ್ಜುಮೆ ಮಾಡುತ್ತಿರುವ ಮೇಷ್ಟ್ರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಮತ್ತು ಸಿಗದ ಸಮಸ್ತ ಸಭಿಕರೇ,

ಎರಡೇ ಮಾತು ಎಂದು ಹೇಳಿ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಕೋರ್ಟಿನಲ್ಲಿ ಟೈಪಿಸ್ಟಾಗಿ ಬದುಕಿಡೀ ಬೇರೆಯವರ ಮಾತನ್ನು ಬಡಿದವನು ನಾನು. ಸ್ವಂತ ಮಾತಿಗೆ ಅವಕಾಶ ಸಿಕ್ಕಾಗ ಎರಡಕ್ಕೇ ನಿಲ್ಲಿಸುವುದು ಸಾಧ್ಯವೇ?

ನಮ್ಮ ಸಂಘ ಹುಟ್ಟಿದ್ದು ಎಲ್ಲಿ? ನನ್ನ ಅಣ್ಣನ ಟೈಲರ್ ಅಂಗಡಿಯಲ್ಲಿ. ಯಾರೋ ಮಾಡಿದ ಕಳ್ಳತನಕ್ಕೆ ಪೊಲೀಸರು ಅಣ್ಣನನ್ನು ಎಳೆದುಕೊಂಡು ಹೋದರು. ಕಾನೂನು ಬಲ್ಲವನಲ್ಲವೇ, ನಾನು ಅರ್ಜಿ ಟೈಪು ಮಾಡಲು ಕುಳಿತೆ. ನನ್ನ ಅತ್ತಿಗೆ ಅಂಗಡಿಗೆ ಬೀಗ ಹಾಕಿ, ಅಕ್ಕಪಕ್ಕದವರನ್ನು ಕರೆದುಕೊಂಡು ಹೋಗಿ ಠಾಣೆಯ ಮುಂದೆ ಕುಳಿತುಬಿಟ್ಟರು. ನಾನು ಅರ್ಜಿ ಮುಗಿಸುವಷ್ಟರಲ್ಲಿ ಅಣ್ಣ ಮನೆಗೆ ಬಂದು ಊಟಕ್ಕೆ ಕುಳಿತಿದ್ದ. ಅರ್ಜಿಯನ್ನು ಓದಿ, ಒಂದೂ ತಪ್ಪಿಲ್ಲ ಎಂದು ಮೆಚ್ಚಿಕೊಂಡ. ಅಂದಿನಿಂದ ಯಾರನ್ನು ಹಿಡಿದರೂ ಅವರ ಮನೆಯವರು ಅತ್ತಿಗೆಯನ್ನು ಹುಡುಕಿಕೊಂಡು ಬರತೊಡಗಿದರು. ಅದೇ ಸಂಘ.

ಇದು ಕಿವಿಗೆ ಬಿದ್ದು ಹೊರದೇಶದ ಸಂಸ್ಥೆಯೊಂದು ನೆರವಿಗೆ ಬಂತು. ಇಲ್ಲ ಎಂದರೆ ನಾಲಿಗೆ ಸೇದಿಹೋದೀತು. ಕಚೇರಿ ಬಂತು, ಕಂಪ್ಯೂಟರ್ ಬಂತು, ವಕೀಲರಿಗೆ ಫೀಸು ಕೊಡುವ ಯೋಗ್ಯತೆಯೂ ಬಂತು. ಜೊತೆಗೆ ಪ್ರಶ್ನೆಗಳು ಬಂದವು. ನಿಮ್ಮ ದೂರದೃಷ್ಟಿ ಏನು ಎಂದು ಕೇಳಿದರು. ಅಣ್ಣ ಕನ್ನಡಕ ತೆಗೆದು, “ದೂರದ್ದು ಚೆನ್ನಾಗೇ ಕಾಣುತ್ತೆ, ಸೂಜಿಗೆ ದಾರ ಪೋಣಿಸೋದೇ ಕಷ್ಟ” ಎಂದ.

ಮೊದಮೊದಲು ಬಂಧನವೇ ನಮ್ಮ ವಿಷಯವಾಗಿತ್ತು. ಆಮೇಲೆ ಅವರ ಮುಖ್ಯ ಕಚೇರಿ ಆರೋಗ್ಯದ ಕಡೆಗೆ ಹೊರಳಿತು. ನಾವೂ ಹೊರಳಿದೆವು. ಓಣಿ ಓಣಿಯಲ್ಲಿ ಕೈ ತೊಳೆಯುವುದನ್ನು ಕಲಿಸಿದೆವು. ಹಾಗೇ ಠಾಣೆಯ ಕೆಲಸಕ್ಕೂ ಕೈ ತೊಳೆದುಕೊಂಡೆವು. ಅದರ ಮೇಲೆ ಹವಾಮಾನ ಬಂತು. ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಯಾವ ದೇಶದ ಗಾಳಿ ಎಂದು ಅವರು ಹೇಳಲಿಲ್ಲವಲ್ಲ, ಸ್ವಾಮಿ!

ಹವಾಮಾನದ ಕಾರ್ಯಾಗಾರ ನಡೆದದ್ದು ಇದೇ ಸಭಾಂಗಣದಲ್ಲಿ. ಉದ್ಘಾಟನೆಗೆ ಬಂದವರು ಆಗ ಆ ಸಂಸ್ಥೆಯ ಅಧಿಕಾರಿಣಿಯಾಗಿದ್ದ ಇದೇ ಅತಿಥಿಗಳು. ನಾನು ಸ್ವಾಗತ ಭಾಷಣದ ಮಧ್ಯದಲ್ಲಿದ್ದೆ, ಅಂದರೆ ಆರಂಭದಲ್ಲಿದ್ದೆ. ಆಗ ಬಸ್ ಕಂಡಕ್ಟರನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಟಿಕೆಟ್ ತೆಗೆದುಕೊಳ್ಳದ ಒಬ್ಬನನ್ನು ಕಂಡಕ್ಟರು ಬಸ್ಸಿನಿಂದ ಇಳಿಸಿದ್ದ. ಇಳಿದವನು ಇನ್ಸ್‌ಪೆಕ್ಟರ ಭಾವಮೈದ. ಕಂಡಕ್ಟರನನ್ನು ಠಾಣೆಯಲ್ಲಿ ಕೂಡಿಹಾಕಿ, ಹೆಂಡತಿಗೆ ಮುಖ ನೋಡಲೂ ಬಿಟ್ಟಿರಲಿಲ್ಲ.

ನಮ್ಮ ಕಚೇರಿಯ ಮೇಡಂ ಕೆಟ್ಟವರಲ್ಲ. ಆಕೆಗೆ ನೀರು ಕೊಟ್ಟು, ಬಂಧನದ ಯೋಜನೆ ಮುಗಿದುಹೋಗಿದೆ, ಈಗ ಹವಾಮಾನ ನಡೆಯುತ್ತಿದೆ ಎಂದು ಮೆಲ್ಲಗೆ ತಿಳಿಹೇಳಿದರು.

ಕಂಡಕ್ಟರನ ಹೆಂಡತಿ ಕಣ್ಣೊರೆಸಿಕೊಂಡು, “ಬಂಧನ ಮತ್ತೆ ಯಾವಾಗ ಶುರುವಾಗುತ್ತೆ ಮೇಡಂ? ಅಲ್ಲೀವರೆಗೂ ಹೊಡೀಬೇಡಿ ಅಂತ ಅವರಿಗೆ ಹೇಳ್ಲಾ?” ಎಂದು ಕೇಳಿದಳು.

ಆಕೆ ವ್ಯಂಗ್ಯವಾಡಲಿಲ್ಲ, ಸಭಿಕರೇ. ನಿಜವಾಗಿಯೇ ಕೇಳಿದಳು.

ಅತ್ತಿಗೆ ಎದ್ದು ಬಂದು ನನ್ನ ಬೆನ್ನ ಹಿಂದಿನ ಬ್ಯಾನರಿನ ದಾರ ಬಿಚ್ಚತೊಡಗಿದರು. ಕಾರ್ಯಕ್ರಮ ನಡೆಯುತ್ತಿದೆ ಎಂದು ನಾನು ಪಿಸುಗುಟ್ಟಿದೆ. “ನಡೀಲಿ ಬಿಡಪ್ಪ. ಹೊರಗೆ ಬಿಸಿಲು, ಇದು ನೆರಳಿಗಾಗುತ್ತೆ” ಎಂದರು. ಅವರ ಹಿಂದೆ ಸಭೆ ಎದ್ದು ಠಾಣೆಗೆ ಹೋಯಿತು. ಖಾಲಿ ಕುರ್ಚಿಗಳಿಗೆ ಸ್ವಾಗತ ಕೋರಿ ನಾನೂ ಹೋದೆ.

ಇನ್ಸ್‌ಪೆಕ್ಟರು ಹೊರಗೆ ಬಂದು, ‘ಬದಲಾಗುತ್ತಿರುವ ಹವಾಮಾನಕ್ಕೆ ಹೊಂದಿಕೊಳ್ಳೋಣ’ ಎಂದು ಗಟ್ಟಿಯಾಗಿ ಓದಿದರು. ಇದಕ್ಕೂ ಠಾಣೆಗೂ ಏನು ಸಂಬಂಧ ಎಂದು ಕೇಳಿದರು. “ಒಳಗಿರೋರಿಗೆ ಗಾಳಿ ಇಲ್ವಂತೆ ಸಾಹೇಬ್ರೇ. ಹೊರಗೆ ಬಿಟ್ರೆ ಹೊಂದ್ಕೋತಾರೆ” ಎಂದರು ಅತ್ತಿಗೆ. ಅಷ್ಟರಲ್ಲಿ ಇನ್ಸ್‌ಪೆಕ್ಟರ ಕಣ್ಣು ನಮ್ಮ ಅತಿಥಿಗಳ ಮೇಲೆ ಬಿತ್ತು. ಅವರು ಬ್ಯಾನರಿನ ನೆರಳಲ್ಲಿ, ನನ್ನ ಅಣ್ಣನ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆಲ್ಲ ಕಂಡಕ್ಟರು ಕುಂಟುತ್ತಾ ಹೊರಗೆ ಬಂದ.

ನಾವು ಜೈಕಾರ ಹಾಕಿದೆವು. ಅತ್ತಿಗೆ ಮಾತ್ರ ಹಾಕಲಿಲ್ಲ. “ನಮ್ಮನ್ನ ನೋಡಿ ಬಿಡ್ಲಿಲ್ಲ ಕಣಪ್ಪ. ಆಯಮ್ಮನ್ನ ನೋಡಿ ಬಿಟ್ಟ” ಎಂದು ಅತಿಥಿಗಳ ಕಡೆ ತೋರಿಸಿದರು. ಆ ಮಾತು ನನಗೆ ರುಚಿಸಲಿಲ್ಲ. ಇಂದಿಗೂ ರುಚಿಸುವುದಿಲ್ಲ.

ಅತಿಥಿಗಳು ಸ್ಥಳೀಯ ವಿಚಾರದಲ್ಲಿ ತಲೆಹಾಕಿದರು ಎಂದು ಅವರ ಮುಖ್ಯ ಕಚೇರಿ ಅವರನ್ನು ಕೆಲಸದಿಂದ ತೆಗೆದಿದೆ. ಮನುಷ್ಯರ ಹಕ್ಕಿಗಾಗಿ ಸಂಬಳ ಪಡೆಯುವವರು ಮನುಷ್ಯರ ಪಕ್ಕ ಕೂರಬಾರದಂತೆ. ಮೇಷ್ಟ್ರೇ, ಈ ವಾಕ್ಯವನ್ನು ನುಂಗಬೇಡಿ, ಪೂರ್ತಿ ಹೇಳಿ. ನಮ್ಮ ನೆರವೂ ನಿಂತಿದೆ. ನಾಳೆಯಿಂದ ಸಂಘದ ವಿಳಾಸ ಟೈಲರ್ ಅಂಗಡಿ.

ಬೀಳ್ಕೊಡುಗೆಗೆ ಅತ್ತಿಗೆಯೇ ಇಲ್ಲವಲ್ಲ ಎಂದು ನೀವು ಅಂದುಕೊಂಡಿರಬಹುದು. ಬೆಳಿಗ್ಗೆ ಪೊಲೀಸರು ತರಕಾರಿ ಗಾಡಿಯವನನ್ನು ಹಿಡಿದುಕೊಂಡು ಹೋಗಿದ್ದಾರೆ. ಅತ್ತಿಗೆ ಠಾಣೆಯ ಮುಂದೆ ಕುಳಿತಿದ್ದಾರೆ. ಅಲ್ಲಿಂದಲೇ ಹೇಳಿಕಳಿಸಿದ್ದಾರೆ: “ಆಯಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇಲ್ಲಿಗೆ ಮಾತ್ರ ಕರ್ಕೊಂಡು ಬರಬೇಡಿ. ನಮ್ಮನ್ನೇ ನೋಡಿ ಬಿಡ್ತಾರಾ, ನೋಡೇಬಿಡೋಣ.”

ಆದ್ದರಿಂದ ಅತಿಥಿಗಳಿಗೆ ಊಟ ಇಲ್ಲಿಯೇ. ಅಧ್ಯಕ್ಷರಿಗೆ ಮೊಣಕಾಲು ನೋವು, ಅವರೂ ಮೇಷ್ಟ್ರೂ ಜೊತೆಗಿರುತ್ತಾರೆ. ಉಳಿದವರ ಊಟದ ಪಾತ್ರೆಗಳು ಆಗಲೇ ಹೊರಟಾಗಿದೆ. ಠಾಣೆಯ ಮುಂದೆ ಬಡಿಸಲಾಗುವುದು. ಇಷ್ಟು ಹೊತ್ತು ಹಸಿದುಕೊಂಡು ಕೇಳಿದ ನಿಮಗೆಲ್ಲ ಧನ್ಯವಾದ. ದಯವಿಟ್ಟು ಎಲ್ಲರೂ ಏಳಿ. ನಮಸ್ಕಾರ.