ನೀರು ಬುಟ್ಟಾ?

ನಂಬಲ್ಲ ಅನ್ನೋನು ಈಗಲೇ ಎದ್ದು ಹೋಗಲಿ. ನಡುವೆ ಕಿಸಕ್ ಅಂತ ನಕ್ಕರೆ ಅಂಥವನನ್ನ ಈ ರಾತ್ರಿಯೇ ಚಲುವಯ್ಯ ಮಾವನ ಬಾವಿ ಹತ್ತಿರ ಬಿಟ್ಟು ಬರ್ತೀನಿ. ಒಬ್ಬನೇ ವಾಪಸ್ ಬರಬೇಕು. ಆಗ್ತದಾ?

ನಾನು ಗುರುಸ್ವಾಮಿ. ಭೇರ್ಯದಿಂದ ಕೆ.ಆರ್. ನಗರದವರೆಗೆ ಯಾರ ಮನೆ ಜನರೇಟರು ಕೆಟ್ಟರೂ ಮೊದಲ ಫೋನು ನನಗೇ. ಇಂಜಿನ್ನು ಎಬ್ಬಿಸೋ ಸೆಲ್ಫ್ ಬಟನ್ನು ಒತ್ತಿದ ಸದ್ದು ಕೇಳಿದರೆ ಸಾಕು, ಬ್ಯಾಟರಿ ಇನ್ನೆಷ್ಟು ದಿನ ಬದುಕ್ತದೆ ಅಂತ ಹೇಳ್ತೀನಿ. ಇವತ್ತಿನವರೆಗೂ ಒಂದೂ ತಪ್ಪಿಲ್ಲ.

ನಮ್ಮ ಪಕ್ಕದ ಮನೆ ಚಲುವಯ್ಯ ಮಾವಂದು. ಮೂವತ್ತು ವರ್ಷ ಹೊಗೆಸೊಪ್ಪು ಬೇಯಿಸಿ, ಆ ಹೊಗೆ ಕುಡಿದು ಎದೆ ಹಾಳಾಗಿತ್ತು. ಹಗಲೂ ರಾತ್ರಿ ಮೂಗಿಗೆ ನಳಿಕೆ, ಮಂಚದ ಪಕ್ಕ ಆಕ್ಸಿಜನ್ ಮಿಷನ್ನು. ಕರೆಂಟು ಹೋದರೆ ಮಿಷನ್ನು ನಿಲ್ತದೆ. ಮಿಷನ್ನು ನಿಂತರೆ... ಮಾವನೂ ಅಷ್ಟೇ. ಅದಕ್ಕೇ ಹಿತ್ತಲ ಶೆಡ್ಡಲ್ಲಿ ಜನರೇಟರು ಇಡಿಸಿದ್ದರು. ಅದರ ಬ್ಯಾಟರಿಗೆ ತಿಂಗಳಿಗೊಂದು ಸಲ ನೀರು ಬಿಡೋ ಕೆಲಸ ನಂದು. ಆರು ಮುಚ್ಚಳ ಬಿಚ್ಚಿ, ಒಳಗಿನ ಪ್ಲೇಟು ಮುಳುಗೋ ತನಕ ಬ್ಯಾಟರಿ ನೀರು ತುಂಬಬೇಕು. ಹತ್ತು ನಿಮಿಷ ಹಿಡಿಯಲ್ಲ.

ಐದು ತಿಂಗಳು ನಾನು ಒಂದು ಮುಚ್ಚಳವನ್ನೂ ಬಿಚ್ಚಲಿಲ್ಲ. ಬಟ್ಟೇಲಿ ಮೇಲೆ ಒರೆಸ್ತಿದ್ದೆ, ತಂತಿ ಕಚ್ಚೋ ಜಾಗಕ್ಕೆ ವ್ಯಾಸಲೀನ್ ಸವರ್ತಿದ್ದೆ, ಒಂದು ಸಲ ಸೆಲ್ಫ್ ಹೊಡೀತಿದ್ದೆ. ಸ್ಟಾರ್ಟ್ ಆಗ್ತಿತ್ತಲ್ಲ! ಮಾವನ ಹೆಂಡತಿ ಮಾಯಮ್ಮತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳೋರು.

"ನೀರು ಬುಟ್ಟಾ ಗುರು?"

"ಬುಟ್ಟೆ ಕಣತ್ತೆ."

ಯುಗಾದಿ ಕಳೆದ ಮೂರನೇ ರಾತ್ರಿ ಕರೆಂಟು ಹೋಯ್ತು. ನಾನು ಬಿಳಿಕೆರೆ ಹತ್ತಿರ ಗೆಳೆಯರ ಜೊತೆ ಊಟಕ್ಕೆ ಕೂತಿದ್ದೆ. ಅತ್ತೆ ಫೋನು. ಅವರ ಮಾತಿಗಿಂತ ಮೊದಲು ಹಿಂದಿನ ಸದ್ದು ಕಿವಿಗೆ ಬಿತ್ತು. ಟಕ್... ಟಕ್‌ಟಕ್‌ಟಕ್... ಟಕ್. ಇಂಜಿನ್ನು ತಿರುಗ್ತಾನೇ ಇಲ್ಲ. ಒಣಗಿದ ಬ್ಯಾಟರಿ ಅಂತ ನನಗೆ ಆ ಕ್ಷಣವೇ ಗೊತ್ತಾಯ್ತು. ಆದರೆ ಅಷ್ಟು ಜನ ಗೆಳೆಯರ ಮುಂದೆ ಒಪ್ಪಿಕೊಂಡರೆ ನನ್ನ ಹೆಸರು?

"ಒತ್ತುತಾ ಇರಿ ಅತ್ತೆ, ಸ್ಟಾರ್ಟ್ ಆಯ್ತದೆ" ಅಂದೆ. ಫೋನು ಮಗುಚಿ ಇಟ್ಟೆ. ಇನ್ನೊಂದು ಪ್ಲೇಟು ಕಬಾಬು ಹೇಳಿದೆ.

ಅತ್ತೆ ಶೆಡ್ಡಲ್ಲಿ ನಿಂತು ಒತ್ತುತ್ತಾನೇ ಇದ್ದರಂತೆ. ಮನೆಯೊಳಗೆ ಮಾವ ಒಬ್ಬರೇ ಕತ್ತಲಲ್ಲಿ ಹೋಗಿಬಿಟ್ಟರು. ಸಾಯೋ ಬಾಯಿಗೆ ನೀರು ಬಿಡೋಕೂ ಪಕ್ಕದಲ್ಲಿ ಯಾರೂ ಇರಲಿಲ್ಲ.

ತಿಥಿ ದಿನ ನಾನೇ ಎಲ್ಲರಿಗೂ ಹೇಳಿದೆ, ಸೆಲ್ಫ್ ಮೋಟರು ಸುಟ್ಟಿತ್ತು, ಅದಕ್ಕೆ ಯಾರೇನು ಮಾಡೋಕಾಗ್ತದೆ ಅಂತ. ಊರೆಲ್ಲ ತಲೆದೂಗಿತು. ಆಮೇಲೆ ಅತ್ತೆ ಮಾರಿದ ಜನರೇಟರನ್ನ ಕೆ.ಆರ್. ನಗರದ ಬ್ಯಾಟರಿ ಅಂಗಡಿ ಅಬ್ರಾರ್ ಭಾಯ್ ಬಂದು ಒಯ್ದರು. ತಂತಿ ಬಿಚ್ಚಿ, ಬ್ಯಾಟರಿಯ ಒಂದು ಮುಚ್ಚಳ ತೆಗೆದು ಇಣುಕಿದರು. ನನ್ನ ಮುಖ ನೋಡಿದರು.

"ಈ ಬ್ಯಾಟರಿ ಇಲ್ಲೇ ಇರ್ಲಿ ಗುರು" ಅಂದರು, ಅಷ್ಟೇ.

ಅದಾಗಿ ಇಪ್ಪತ್ತು ದಿನ. ರಾತ್ರಿ ಹನ್ನೊಂದೂವರೆ, ಮಾವನ ಹಿತ್ತಲ ಬಾವಿ ಪಕ್ಕದ ದಾರೀಲಿ ಮನೆಗೆ ನಡ್ಕೊಂಡು ಬರ್ತಿದ್ದೆ.

ಟಕ್... ಟಕ್‌ಟಕ್‌ಟಕ್...

ಜನರೇಟರೇ ಇಲ್ಲದ ಶೆಡ್ಡು ಕಣ್ಲಾ ಅದು. ಬೇರೆಯವನಾಗಿದ್ದರೆ ಓಡ್ತಿದ್ದ. ನಾನು ಫೋನಿನ ಬೆಳಕು ಹಾಕ್ಕೊಂಡು ಹೋದೆ. ಯಾವಾಗಲೂ ಬೀಗ ಬಿದ್ದಿರೋ ಬಾಗಿಲು ತೆರೆದಿತ್ತು. ನೆಲದ ಮೇಲೆ ಬ್ಯಾಟರಿ. ಆರೂ ಮುಚ್ಚಳ ಬಿಚ್ಚಿ ಪಕ್ಕದಲ್ಲಿ ಸಾಲಾಗಿ ಇಟ್ಟಿತ್ತು.

ಫೋನು ಆರಿಹೋಯ್ತು. ಕಿವಿ ಹತ್ತಿರ ಸೈಕಲ್ ಟ್ಯೂಬಿಂದ ಗಾಳಿ ಸೋರೋ ಥರ... ಸ್ಸ್... ಸ್ಸ್...

"ನೀರು... ಬುಟ್ಟಾ?"

ಐದು ತಿಂಗಳ ಅಭ್ಯಾಸ. ಬಾಯಿ ತಾನಾಗೇ ಹೇಳಿಬಿಟ್ಟಿತು.

"ಬುಟ್ಟೆ ಕಣ್ ಮಾವ."

ಆಮೇಲೆ ಒಂದೇ ಒಂದು ಟಕ್.

"ನನ್ನ ಬಾಯಿಗೆ... ಬರ್ನಿಲ್ವಲ್ಲ ಕಣ್ಲಾ."

ಹೊರಗೆ ಹೆಂಗೆ ಬಂದೆ ಅಂತ ಕೇಳಬೇಡಿ. ಹಿತ್ತಲ ಬಾಗಿಲಲ್ಲಿ ಮಾಯಮ್ಮತ್ತೆ ನಿಂತಿದ್ದರು. ಗಾಬರಿ ಇಲ್ಲ, ಏನಿಲ್ಲ.

"ಕೇಳುಸ್ತಾ?"

ಹೂಂ ಅಂದೆ.

"ದಿನಾ ನನ್ನೂ ಅದ್ನೇ ಕೇಳ್ತರೆ. ಗುರು ಬುಟ್ಟವ್ನೆ ಅಂತಿದ್ದೆ." ನನ್ನ ಮುಖವನ್ನೇ ನೋಡಿದರು. "ಇನ್ಮೇಲೆ ನೀನೇ ಯೋಳ್ಕೊ."

ಆವತ್ತಿಂದ ತಿಂಗಳಿಗೊಂದು ಸಲ ಹೋಗ್ತೀನಿ. ಬ್ಯಾಟರಿಯ ಆರೂ ಗೂಡಿಗೆ ಕಂಠಮಟ್ಟ ನೀರು ತುಂಬ್ತೀನಿ. ತಂತಿ ಇಲ್ಲ, ಚಾರ್ಜಿಲ್ಲ, ಸೋರಿಕೆ ಇಲ್ಲ. ಹಂಗೆ ಕೂತಿರೋ ಬ್ಯಾಟರಿ ಒಂದು ತಿಂಗಳಲ್ಲಿ ಒಂದು ಚಮಚ ನೀರೂ ಕುಡಿಯಲ್ಲ. ಮುಂದಿನ ತಿಂಗಳು ಮುಚ್ಚಳ ತೆಗೆದರೆ ತಳದ ತನಕ ಒಣ ಒಣ. ಬ್ಯಾಟರಿ ವಿಷಯದಲ್ಲಿ ನನಗೆ ಎದುರು ಹೇಳೋನು ಈ ತಾಲ್ಲೂಕಲ್ಲಿ ಇಲ್ಲ. ನಡೆದದ್ದೇ ಹೇಳ್ತಿದ್ದೀನಿ.

ಆ ರಾತ್ರಿ ಅತ್ತೆ ಬೈಯಲಿಲ್ಲ, ಶಾಪ ಹಾಕಲಿಲ್ಲ. ಸೆರಗಿನ ಗಂಟು ಬಿಚ್ಚಿ, ಶೆಡ್ಡಿನ ಬೀಗದ ಕೈಯನ್ನ ನನ್ನ ಅಂಗೈಯಲ್ಲಿಟ್ಟರು.