ಒಂದೇ ಏಟು

ಸಸ್ಕ್ಯಾಚುವಾನ್ ಪ್ರಾಂತ್ಯದ ನಮ್ಮೂರ ಪೆಟ್ರೋಲ್ ಬಂಕಿನಲ್ಲಿ ಕಾಫಿಗೆ ನಿಂತಿದ್ದೆ. ನನ್ನ ಮುಂದೆ ಗಂಡ ಹೆಂಡತಿ. ಗಂಡನ ಕೈಯೆಲ್ಲ ರಕ್ತ. ಹೊರಗೆ, ಮೂತಿ ನಜ್ಜುಗುಜ್ಜಾದ ಕಾರಿನಲ್ಲಿ ಇಬ್ಬರು ಮಕ್ಕಳು.

"ಮಕ್ಕಳು ನೋಡ್ತಾ ಇದ್ರು, ಕರ್ಟ್."

"ಕಾರಿಗೆ ಸಿಕ್ಕಿ ಜಿಂಕೆ ಸೊಂಟ ಮುರಿದಿತ್ತು, ಲೊರೇನ್. ನರಳ್ತಾ ಬಿದ್ದಿರ್ಲಿ ಅಂತ ಬಿಟ್ಟು ಬರೋದಾ? ನಮ್ಮ ಕಡೆ ಯಾರು ಹಾಗೆ ಮಾಡ್ತಾರೆ?"

"ನಮ್ಮಪ್ಪನೂ ಎಷ್ಟೋ ಜಿಂಕೆಗೆ ಮುಕ್ತಿ ಕೊಟ್ಟಿದ್ದಾನೆ. ಒಂದೇ ಏಟು. ಆಮೇಲೆ ಟೋಪಿ ತೆಗೆದು ಸುಮ್ಮನೆ ನಿಲ್ತಿದ್ದ."

"ನಿಮ್ಮಪ್ಪನ ಹತ್ರ ಬಂದೂಕಿತ್ತು. ನನ್ನ ಹತ್ರ ಇದ್ದಿದ್ದು ಜಾಕ್ ರಾಡು."

"ಮೊದಲ್ನೇ ಏಟಿಗೇ ಸತ್ತಿತ್ತು ಅದು. ನೀನು ಆಮೇಲೂ ಹೊಡೀತಾನೇ ಇದ್ದೆ. ನನ್ನ ಮುಖ ನೋಡ್ಕೊಂಡು ಹೊಡೀತಿದ್ದೆ."

"ನೋಡಿದ್ಯಲ್ಲ? ಇನ್ನಾದ್ರೂ ದಾರೀಲಿ ಬಾಯಿ ಮುಚ್ಕೊಂಡಿರು."

ಅವನು ಕೈ ತೊಳೆಯಲು ಹೋದ. ಅವಳು ಕೌಂಟರಿನ ಮುದುಕಿಯತ್ತ ಬಾಗಿದಳು.

"ರೆಜೈನಾಗೆ ಬಸ್ಸು ಎಷ್ಟು ಹೊತ್ತಿಗೆ? ನಾನು, ಎರಡು ಮಕ್ಕಳು."

"ಬಸ್ಸು ನಿಂತೇ ಎಷ್ಟೋ ವರ್ಷ ಆಯ್ತಲ್ಲಮ್ಮಾ."

ಹಿಂದಿನಿಂದ ಒದ್ದೆ ಕೈಯೊಂದು ಅವಳ ಹೆಗಲ ಮೇಲೆ ಬಿತ್ತು.

"ನಡಿ. ಮಕ್ಕಳು ಕಾಯ್ತಿದಾರೆ."

"ನೀನು ಕೂತ್ಕೋ. ಬಂದೆ."

ಅವನು ಹೋಗಿ ಸ್ಟೀರಿಂಗ್ ಹಿಡಿದ. ಅವಳು ಡಿಕ್ಕಿ ತೆರೆದು ಜಾಕ್ ರಾಡು ತೆಗೆದುಕೊಂಡು, ಅವನ ಸೀಟಿನ ಹಿಂದೆಯೇ ಹೋಗಿ ಕೂತಳು.