ಕೊನೆಯ ಕಂತು ನೋಡದವಳ ಅಭಿಪ್ರಾಯ

ಈ ಗ್ರಂಥಾಲಯದ ಅಧಿಕಾರಿಗಳೂ ಇಂದಿನ ಸಭೆಯ ಅಧ್ಯಕ್ಷರೂ ಆದ ಮಾನ್ಯರೇ, ಕಾಮಿಕ್ಸ್ ಅಂಗಡಿ ಇಟ್ಟುಕೊಂಡು ನಮ್ಮ ಸದಸ್ಯರ ಅರ್ಧ ಸಂಬಳವನ್ನು ನಗುನಗುತ್ತಾ ಎಳೆದುಕೊಳ್ಳುವ ಮುಖ್ಯ ಅತಿಥಿಗಳೇ, ಕ್ಯಾಮೆರಾ ಹಿಂದೆ ನಿಂತಿರುವ ನಮ್ಮ ಕಾರ್ಯದರ್ಶಿಯವರೇ, ಲಿಫ್ಟ್ ಕೆಟ್ಟಿದ್ದರೂ ಮೂರು ಮಹಡಿ ಹತ್ತಿ ಬಂದಿರುವ ಸಭಿಕರೇ,

ಅಧ್ಯಕ್ಷರು ತಮ್ಮ ಮಾತಿನಲ್ಲಿ ಮೂರು ಸಲ 'ಕಾರ್ಟೂನ್' ಅಂದರು. ನಮ್ಮ ಅನಿಮೆ ಸಂಘದಲ್ಲಿ ಆ ಮಾತು ಆಡಿದವರು ಎಲ್ಲರಿಗೂ ಚಹಾ ಕೊಡಿಸಬೇಕು. ಅಧ್ಯಕ್ಷರಿಗೆ ಈ ಸಲ ಮಾಫಿ. ನಾನೂ ಮೊದಲು ಹಾಗೇ ಅನ್ನುತ್ತಿದ್ದೆ. ನನ್ನನ್ನು ತಿದ್ದಿದವರು ಒಬ್ಬರಿದ್ದರು, ಆ ವಿಷಯಕ್ಕೆ ಬರುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಜಪಾನಿನಲ್ಲಿ ಮೂರು ತಿಂಗಳಿಗೊಮ್ಮೆ ಹೊಸ ಅನಿಮೆಗಳು, ಅಂದರೆ ಚಿತ್ರ ಬಿಡಿಸಿ ಮಾಡಿದ ಟಿವಿ ಸರಣಿಗಳು, ಗುಂಪಾಗಿ ಶುರುವಾಗುತ್ತವೆ, ಗುಂಪಾಗಿ ಮುಗಿಯುತ್ತವೆ. ಅದಕ್ಕೆ ಸೀಸನ್ ಅನ್ನುತ್ತಾರೆ. ಸೀಸನ್ ಮುಗಿದಾಗ ನಮ್ಮ ಸಂಘದ ಸದಸ್ಯರೊಬ್ಬರು ಎದ್ದು ನಿಂತು, ಮುಗಿದ ಸರಣಿಗಳ ಬಗ್ಗೆ ಅಭಿಪ್ರಾಯ ಹೇಳಬೇಕು. ಈ ಸಲ ಆ ಸರದಿ ನನ್ನದು. ನಾನು ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿದ್ದವಳು. ಯಾರಿಗೆ ಯಾರ ಲೈನ್ ಬೇಕೋ ಜೋಡಿಸಿಕೊಟ್ಟು ನಿವೃತ್ತಳಾದೆ. ಸಂಘದಲ್ಲಿ ನನ್ನನ್ನು 'ಹಲೋ ಅಜ್ಜಿ' ಅಂತ ಕರೆಯುತ್ತಾರೆ ಅಂತ ಗೊತ್ತು. ಕರೆಯಿರಿ, ಬೇಜಾರಿಲ್ಲ.

ಕಡೆಯ ಕಂತಿನವರೆಗೂ ನೋಡದೆ ಅಭಿಪ್ರಾಯ ಹೇಳಬಾರದು ಅನ್ನುವುದು ನಮ್ಮ ನಿಯಮ. ಒಂದು ಕಡೆ ಆ ನಿಯಮವನ್ನು ಮುರಿದಿದ್ದೇನೆ. ಎಲ್ಲಿ ಅಂತ ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ನನ್ನನ್ನು ಕೆಳಗಿಳಿಸಿಬಿಡುತ್ತೀರಿ.

ಮೊದಲು ಕತ್ತಿಯ ಹುಡುಗನ ಸರಣಿ. ಅಪ್ಪನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದಾನೆ. ಸಂತೋಷ. ಆದರೆ ಕತ್ತಿ ಎತ್ತಿದವನು ಕೆಳಗಿಳಿಸುವ ಮೊದಲು ಎಷ್ಟು ಮಾತಾಡುತ್ತಾನೆ? ಚಿಕ್ಕಂದಿನ ಕಥೆ ಹೇಳುತ್ತಾನೆ, ಶತ್ರುವಿನ ಚಿಕ್ಕಂದಿನ ಕಥೆಯನ್ನೂ ಅವನೇ ಹೇಳುತ್ತಾನೆ. ನಮ್ಮ ಕಚೇರಿಯಲ್ಲಾಗಿದ್ದರೆ ಸಮಯ ಮುಗಿಯಿತು ಅಂತ ಲೈನ್ ಕತ್ತರಿಸಿಬಿಡುತ್ತಿದ್ದೆ. ಚಿತ್ರ ಚೆನ್ನಾಗಿದೆ, ರಕ್ತವೂ ಚೆನ್ನಾಗಿದೆ, ತಲೆ ಮಾತ್ರ ತಿನ್ನುತ್ತಾನೆ.

ಎರಡನೆಯದು ಬೇರೆ ಲೋಕದಲ್ಲಿ ಮತ್ತೆ ಹುಟ್ಟುವ ಗುಮಾಸ್ತನದು. ಈ ಸಲ ಅವನು ಹುಟ್ಟಿದ್ದು ಒಂದು ಮೇಜಾಗಿ. ನೀವು ನಗುತ್ತೀರಿ. ನಾನೂ ಮೊದಲ ಕಂತಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಾಲ್ಕನೆಯ ಕಂತಿಗೆ ನಗು ನಿಂತಿತು. ಅಲ್ಲ, ಇಡೀ ಆಯುಷ್ಯ ಮೇಜಿನ ಮುಂದೆ ಕೂತು ಸವೆದವನು ಇನ್ನೊಂದು ಜನ್ಮ ಸಿಕ್ಕರೂ ಮೇಜೇ ಆದನಲ್ಲ! ಆದರೆ ಅವನ ಸುತ್ತ ಒಂದು ಮನೆಯವರು ದಿನಾ ಊಟಕ್ಕೆ ಕೂರುತ್ತಾರೆ. ಅವನಿಗೆ ಅಷ್ಟೇ ಸಾಕು. ನನಗೆ ಅವನು ಅರ್ಥವಾಗುತ್ತಾನೆ. ಈ ಸೀಸನ್ನಿನಲ್ಲಿ ನನ್ನ ಪ್ರಕಾರ ಬಹುಮಾನ ಮೇಜಿಗೇ.

ಮೂರನೆಯದು, ಶಾಲೆಯ ಐದು ಹುಡುಗಿಯರು ವಾದ್ಯ ಬಾರಿಸುವ ಸರಣಿ. ಬಾರಿಸುವುದಕ್ಕಿಂತ ಅಳುವುದೇ ಹೆಚ್ಚು. ಕಡೆಯ ಕಂತಿನಲ್ಲಿ ಐದೂ ಜನ ಒಟ್ಟಿಗೆ ಅತ್ತರು. ನನ್ನ ಸೊಸೆ ಇದ್ದಿದ್ದರೆ ಐದೂ ಜನರ ಅಳುವನ್ನು ಬೇರೆ ಬೇರೆ ದನಿಯಲ್ಲಿ ಅತ್ತು ತೋರಿಸುತ್ತಿದ್ದಳು.

ಸರಿ. ಮಾತು ಬಂತಲ್ಲ, ಹೇಳಿಬಿಡುತ್ತೇನೆ.

ಈ ಸಂಘ ಕಟ್ಟಿದವರಲ್ಲಿ ನನ್ನ ಸೊಸೆಯೂ ಒಬ್ಬಳು. ಹಳಬರಿಗೆ ನೆನಪಿರಬಹುದು. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಸೋಫಾದ ಎಡತುದಿಯಲ್ಲಿ ಕಾಲು ಮಡಚಿ ಕೂತಳೆಂದರೆ ಅನಿಮೆ ಶುರು. ನಾನು ಬಲತುದಿಯಲ್ಲಿ ಕೂತು ಮೂಗು ಮುರಿಯುತ್ತಿದ್ದೆ. ಒಂದು ದಿನ "ಏನಂತೆ ಅವಳಿಗೆ, ಹಾಗೆ ಓಡ್ತಾ ಇದಾಳೆ?" ಅಂತ ಕೇಳಿದೆ. ಆಗ ನನ್ನ ಕಣ್ಣಿಗೆ ಪೊರೆ ಬಂದಿತ್ತು, ಪರದೆಯ ಕೆಳಗಿನ ಅಕ್ಷರ ಬರೀ ಬಿಳಿ ಗೆರೆ. ಅವಳು "ಕೇಳಿ ಅತ್ತೆ, ಓದ್ತೀನಿ" ಅಂದಳು. ಟಿವಿಯ ದನಿ ತಗ್ಗಿಸಿ, ಇಂಗ್ಲಿಷ್ ಅಕ್ಷರ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದಳು. ಅಂದಿನಿಂದ ನಾನು ನೋಡಿದ ಪ್ರತಿ ರಾಕ್ಷಸ, ಪ್ರತಿ ರಾಜಕುಮಾರಿ, ಪ್ರತಿ ಮಾತಾಡುವ ಬೆಕ್ಕು ಮಾತಾಡಿದ್ದು ನನ್ನ ಸೊಸೆಯ ದನಿಯಲ್ಲಿ. ಮಗ ಬಾಗಿಲಲ್ಲಿ ನಿಂತು, "ಇಬ್ಬರಿಗೂ ಬೇರೆ ಕೆಲಸ ಇಲ್ವಾ?" ಅನ್ನುತ್ತಿದ್ದ. ಇರಲಿಲ್ಲ. ಇದ್ದರೂ ಬೇಕಿರಲಿಲ್ಲ.

ಮಗನಿಗೂ ಸೊಸೆಗೂ ಹೊಂದಲಿಲ್ಲ. ಯಾರದು ತಪ್ಪು ಅಂತ ಕೇಳಬೇಡಿ. ಅವನು ನಾನು ಹೆತ್ತವನು, ಅವಳು ನನಗೆ ಓದಿ ಹೇಳಿದವಳು. ಇಬ್ಬರೂ ಒಪ್ಪಿಯೇ ಬೇರೆಯಾದರು. ಅವಳು ಇನ್ನೊಂದು ಊರಿನ ಆಸ್ಪತ್ರೆಗೆ ಹೋದಳು. ಮಗ ನನ್ನ ಕೈ ಹಿಡಿದುಕೊಂಡು, "ಅಮ್ಮ, ಅವಳಿಗೆ ಫೋನ್ ಮಾಡಬೇಡ. ಅವಳಿಗೂ ಹಿಂಸೆ, ನನಗೂ ಹಿಂಸೆ" ಅಂದ. ಮಾಡುವುದಿಲ್ಲ ಅಂತ ಮಾತು ಕೊಟ್ಟೆ. ಊರಿನವರಿಗೆಲ್ಲ ಲೈನ್ ಜೋಡಿಸಿಕೊಟ್ಟವಳಿಗೆ ಒಂದು ನಂಬರ್ ಒತ್ತುವ ಹಾಗಿಲ್ಲ. ಮಗ, ಸೊಸೆ ಬೇರೆಯಾದರೆ ಅದಕ್ಕೊಂದು ಕಾಗದ ಇರುತ್ತದೆ. ಅತ್ತೆ, ಸೊಸೆ ಬೇರೆಯಾಗುವುದಕ್ಕೆ ಏನಿದೆ? ನಮ್ಮನ್ನು ಯಾರು ಕರೆದು ಕೇಳಿದರು?

ಈಗ ನಾಲ್ಕನೆಯ ಸರಣಿ. ದೋಣಿ ನಡೆಸುವ ಅಜ್ಜಿಯದು. ಇದು ಎರಡನೆಯ ಭಾಗ. ಮೊದಲ ಭಾಗವನ್ನು ನಾವಿಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತು ನೋಡಿದ್ದೆವು. ನದಿ ದಾಟಿಸುವ ಮುದುಕಿಯ ಮನೆಗೆ ಎಲ್ಲಿಂದಲೋ ಒಬ್ಬ ಹುಡುಗಿ ಬಂದು ಸೇರುತ್ತಾಳೆ, ಹುಟ್ಟು ಹಾಕಲು ಕಲಿಯುತ್ತಾಳೆ. ಮೊದಲ ಭಾಗದ ಕಡೆಯಲ್ಲಿ ಹುಡುಗಿ ದೋಣಿ ಹತ್ತಿ ಹೊರಟುಬಿಡುತ್ತಾಳೆ. ಹೋಗುವಾಗ ತಿರುಗಿ ಅಜ್ಜಿಯನ್ನು ನೋಡುತ್ತಾಳೆ. ನನ್ನ ಸೊಸೆ ಓದಿದಳು: "ಅಜ್ಜಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಾನಿಲ್ಲ ಅಂತ ಕತ್ತಲಲ್ಲಿ ಕೂರಬೇಡಿ, ದೀಪ ಹಾಕಿ. ನಿಮ್ಮ ಮೇಲೆ ನನಗೆ ಯಾವ ಬೇಜಾರೂ ಇಲ್ಲ. ಈ ಮನೇಲಿ ನನಗೆ ಸಿಕ್ಕಿದ್ದು ನೀವೊಬ್ಬರೇ."

ನಾನು ಏನಂದೆ ಗೊತ್ತೇ? "ಅಬ್ಬಾ, ಡೈಲಾಗು ಬರೆದವನ ಕೈಗೆ ಬಂಗಾರದ ಬಳೆ ತೊಡಿಸಬೇಕು ಕಣೇ" ಅಂದೆ. ಅವಳು ನಕ್ಕಳು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಆ ವಾರವೇ ಪೆಟ್ಟಿಗೆ ಕಟ್ಟಿದಳು.

ಆಮೇಲೆ ನನ್ನ ಕಣ್ಣಿನ ಆಪರೇಷನ್ ಆಯಿತು. ಕನ್ನಡಕದ ಅಂಗಡಿಯ ನಮ್ಮ ಕಾರ್ಯದರ್ಶಿಯವರೇ ಮುಂದೆ ನಿಂತು ಮಾಡಿಸಿದರು. ಈಗ ಕಣ್ಣು ಪರೀಕ್ಷಿಸುವ ಹಲಗೆಯ ಮೇಲಿನ ಎಲ್ಲಕ್ಕಿಂತ ಸಣ್ಣ ಅಕ್ಷರವನ್ನೂ ಓದುತ್ತೇನೆ. ಪಟ್ಟಿ ಬಿಚ್ಚಿ, ಟಿವಿ ನೋಡಬಹುದು ಅಂತ ಡಾಕ್ಟರು ಹೇಳಿದ ದಿನ ಮೊದಲು ಹಾಕಿದ್ದು ಯಾವುದು? ಆ ದೃಶ್ಯವನ್ನೇ. ಕಚೇರಿಯಲ್ಲಿ ಕಲಿತ ಇಂಗ್ಲಿಷ್ ಇತ್ತು, ಆ ಮಾತನ್ನು ನನ್ನ ಕಣ್ಣಿಂದ ಓದಬೇಕು ಅಂತ ಆಸೆ. ಹುಡುಗಿ ದೋಣಿ ಹತ್ತಿದಳು. ತಿರುಗಿದಳು. ಪರದೆಯ ಕೆಳಗೆ ಒಂದೇ ಒಂದು ಅಕ್ಷರ ಬರಲಿಲ್ಲ. ಇನ್ನೊಮ್ಮೆ ಹಾಕಿದೆ. ಹುಡುಗಿ ತುಟಿಯನ್ನೇ ಬಿಚ್ಚುವುದಿಲ್ಲ, ಸಭಿಕರೇ. ನೀವೆಲ್ಲ ನೋಡಿದ್ದೀರಿ, ನಿಮಗೆ ಗೊತ್ತಿದೆ. ಅಲ್ಲಿ ಬರೀ ನೀರಿನ ಸದ್ದು.

ಹಾಗಾದರೆ ಅವು ಯಾರ ಮಾತು? ಯಾರು, ಯಾರಿಗೆ ಹೇಳಿದ ಮಾತು? ಫೋನಿನಲ್ಲಿ ದನಿ ಕೇಳಿಯೇ ಅತ್ತ ಕಡೆಯವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಹೇಳುತ್ತಿದ್ದವಳು ನಾನು. ಪಕ್ಕದಲ್ಲೇ ಕೂತವಳ ದನಿ ತಿಳಿಯಲಿಲ್ಲ. ಕಾಣದ ಯಾವನಿಗೋ ಬಳೆ ತೊಡಿಸಲು ಹೊರಟಿದ್ದೆ.

ನೀರು ಕೊಡಿ. ಸಾಕು, ಸಾಕು.

ಎರಡನೆಯ ಭಾಗದಲ್ಲಿ ಅಜ್ಜಿ ಒಬ್ಬಳೇ. ಪ್ರತಿ ಕಂತಿನಲ್ಲೂ ಯಾರನ್ನೋ ನದಿ ದಾಟಿಸುತ್ತಾಳೆ, ಖಾಲಿ ದೋಣಿಯಲ್ಲಿ ವಾಪಸು ಬರುತ್ತಾಳೆ, ಆಚೆ ದಡವನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಾಳೆ. ನಿಧಾನ ಅಂತ ಕೆಲವರು ದೂರಿದಿರಿ. ಕಾಯುವುದು ನಿಧಾನವಲ್ಲದೆ ಇನ್ನು ಹೇಗಿರುತ್ತದೆ? ಹನ್ನೊಂದನೆಯ ಕಂತಿನ ಕೊನೆಯಲ್ಲಿ ಆಚೆ ದಡದಲ್ಲಿ ಯಾರೋ ಕೈ ಬೀಸುತ್ತಾರೆ. ಅಲ್ಲಿಗೆ ನಿಲ್ಲಿಸಿದೆ. ಕಡೆಯದಾದ ಹನ್ನೆರಡನೆಯದನ್ನು ನೋಡಿಲ್ಲ. ನಿಯಮ ಮುರಿದದ್ದು ಇಲ್ಲೇ. ಬಂದವಳು ಆ ಹುಡುಗಿಯೇ ಹೌದೋ ಅಲ್ಲವೋ ನಿಮಗೆಲ್ಲ ಗೊತ್ತಿದೆ. ನನಗೆ ಹೇಳಿದವರ ಜೊತೆ ಜನ್ಮದಲ್ಲಿ ಮಾತಾಡುವುದಿಲ್ಲ. ಆ ಕಂತನ್ನು ನಾನಾಗಿ ಓದಿಕೊಂಡು ನೋಡಲು ನನಗೆ ಮನಸ್ಸಿಲ್ಲ. ಆ ಅಜ್ಜಿಯೂ ಹುಡುಗಿಯೂ ಸುಮ್ಮನೆ ನಿಂತರೂ ಮಾತಾಡಬೇಕು, ಅದೂ ನನ್ನ ಸೊಸೆಯ ದನಿಯಲ್ಲಿ ಮಾತಾಡಬೇಕು. ನನಗೆ ಅವಳು ಬೇಕು. ಮಗನಿಗೆ ಬೇಡದಿದ್ದರೆ ಬೇಡ, ನನಗೆ ಬೇಕು.

ಸಂಘ ಬಿಟ್ಟು ಹೋದ ಹಳೆಯ ಸದಸ್ಯರಿಗೂ ಈ ಸಭೆಯ ರೆಕಾರ್ಡಿಂಗ್ ಕಳಿಸುತ್ತೇವೆ ಅಂತ ಕಾರ್ಯದರ್ಶಿಯವರು ಹೇಳಿದ್ದರು. ನನ್ನ ಸೊಸೆಗೂ ಅದು ತಲುಪುತ್ತದೆ, ನಾನು ಇಲ್ಲಿ ಬಂದು ನಿಲ್ಲಲು ಒಪ್ಪಿದ್ದು ಅದಕ್ಕೇ. ಮಗನಿಗೆ ಮಾತು ಕೊಟ್ಟದ್ದು ಫೋನಿನ ಬಗ್ಗೆ, ಭಾಷಣದ ಬಗ್ಗೆ ಅಲ್ಲ. ಕೇಳಮ್ಮ, ಮಗ ಬೇರೆ ಮನೆ ಮಾಡಿದ್ದಾನೆ. ಸಂಜೆ ಹೊತ್ತು ನಾನೊಬ್ಬಳೇ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೇನೆ, ದೀಪವನ್ನೂ ಹಾಕುತ್ತಿದ್ದೇನೆ. ಸೋಫಾದ ಎಡತುದಿಯಲ್ಲಿ ಯಾರನ್ನೂ ಕೂರಿಸಿಲ್ಲ.

ಇಷ್ಟು ಹೊತ್ತು ಬೇಸರಿಸದೆ ಕೇಳಿದ ನಿಮಗೂ, 'ಕಾರ್ಟೂನ್' ಅನ್ನುವುದನ್ನು ಇನ್ನು ಬಿಡಲಿರುವ ಅಧ್ಯಕ್ಷರಿಗೂ, ಅತಿಥಿಗಳಿಗೂ ನನ್ನ ಕೃತಜ್ಞತೆಗಳು. ಕಾರ್ಯದರ್ಶಿಯವರೇ, ನಿಮ್ಮಲ್ಲಿ ಒಂದು ವಿನಂತಿ. ಕಳಿಸುವ ಮೊದಲು, ನನ್ನ ಕಣ್ಣಿನ ಆಪರೇಷನ್ ಆಯಿತು ಅಂದೆನಲ್ಲ, ಸಣ್ಣ ಅಕ್ಷರ ಓದುತ್ತೇನೆ ಅಂದೆನಲ್ಲ, ಅದನ್ನೆಲ್ಲ ದಯವಿಟ್ಟು ಕತ್ತರಿಸಿಬಿಡಿ. ನನಗೆ ಇನ್ನೂ ಅಕ್ಷರ ಕಾಣುವುದಿಲ್ಲ, ಪಕ್ಕದಲ್ಲಿ ಕೂತು ಓದಿ ಹೇಳುವವರು ಬೇಕು.

ಎಲ್ಲರಿಗೂ ನಮಸ್ಕಾರ.